ಬಾಣಲೆಯ ಹಿಡಿ

"ಕಣ್ಣು ಮುಚ್ಚಿ ಎರಡೂ ಕೈ ಚಾಚು," ಎಂದಳು ದೊಡ್ಡಮ್ಮ, ಹೊಸ್ತಿಲಲ್ಲೇ ನಿಂತು. ಬೆನ್ನ ಹಿಂದೆ ಏನನ್ನೋ ಅಡಗಿಸಿಕೊಂಡಿದ್ದಳು. ಅದರ ಭಾರಕ್ಕೆ ಅವಳ ಒಂದು ಭುಜ ಕೆಳಗೆ ಜಗ್ಗಿತ್ತು.

ಗುಬ್ಬಿ ಒಲೆಯ ಕಡೆಯಿಂದ ತಿರುಗಿ, ಒದ್ದೆ ಕೈ ಒರೆಸಿಕೊಂಡು, ನಗುತ್ತಲೇ ಕಣ್ಣು ಮುಚ್ಚಿದಳು. ಇದು ಅವರಿಬ್ಬರ ಭಾನುವಾರದ ಆಟ. ಬಸ್ ನಿಲ್ದಾಣದ ಹಿಂದಿನ ಬಯಲಿನಲ್ಲಿ ಅಂದು ಹಳೆ ಸಾಮಾನಿನ ಸಂತೆ ಕೂಡುತ್ತಿತ್ತು. ಯಾರು ಹೆಚ್ಚು ಒಳ್ಳೆಯ ವಸ್ತು ಹೆಕ್ಕಿ ತರುತ್ತಾರೋ ಅವರಿಗೆ ಆ ದಿನ ಪಾತ್ರೆ ತೊಳೆಯುವುದರಿಂದ ರಜೆ. ಎರಡು ಕೋಣೆಯ ಆ ಮನೆಯಲ್ಲಿ ಅಂಗಡಿಯಿಂದ ಹೊಸದಾಗಿ ಬಂದದ್ದು ದಿನಸಿ, ಬೆಂಕಿಪೊಟ್ಟಣ ಬಿಟ್ಟರೆ ಇನ್ನೇನೂ ಇರಲಿಲ್ಲ. ಕುರ್ಚಿಗಳು ಒಂದರ ಪರಿಚಯ ಇನ್ನೊಂದಕ್ಕಿಲ್ಲದಂಥವು. ಕಿಟಕಿಯ ಪರದೆ ಹಿಂದೆಲ್ಲೋ ಹೋಟೆಲಿನ ಮೇಜಿನ ಹಾಸಾಗಿತ್ತು. ಟೀ ಕೆಟಲಿಗೆ ಮುಚ್ಚಳವಿಲ್ಲದೆ ಒಂದು ಸಾಸರು ಟೋಪಿ ಹಾಕಿಕೊಂಡಂತೆ ಅದರ ಮೇಲೆ ಕೂತಿರುತ್ತಿತ್ತು. ಕಳೆದ ವಾರ ಗುಬ್ಬಿ ಒಂದು ಮಿಕ್ಸಿ ತಂದು ಗೆದ್ದಿದ್ದಳು. ಆ ಸೋಲು ಮನಸ್ಸಿನಲ್ಲಿಟ್ಟುಕೊಂಡೇ ದೊಡ್ಡಮ್ಮ ಈ ದಿನ ಕತ್ತಲು ಹರಿಯುವ ಮೊದಲೇ ಎದ್ದು ಹೋಗಿದ್ದಳು.

ಚಾಚಿದ ಕೈಗಳ ಮೇಲೆ ತಣ್ಣನೆಯ ಕಬ್ಬಿಣ ಬಂದು ಕೂತಿತು. ಬಾಣಲೆ. ಗುಬ್ಬಿ ಅದರ ಅಂಚು ಸವರಿದಳು, ಹಿಡಿಯನ್ನು ಹಿಡಿದಳು. ಕಣ್ಣು ತೆರೆಯುವ ಮೊದಲೇ ಅವಳ ಹೆಬ್ಬೆರಳಿಗೆ ಗೊತ್ತಾಗಿಹೋಯಿತು. ಹಿಡಿಯನ್ನು ಬಾಣಲೆಗೆ ಕೂರಿಸಿದ ಜಾಗದಲ್ಲಿ ಒಂದು ಕಡೆ ನುಣುಪಾದ ಮೊಳೆ. ಇನ್ನೊಂದು ಕಡೆ ಆರು ಮೂಲೆಯ ಬೋಲ್ಟಿನ ತಲೆ, ಅದರ ಕೆಳಗೆ ಒಂದರ ಮೇಲೊಂದು ಎರಡು ವಾಷರು.

"ತೂಕ ನೋಡಿದೆಯಾ? ಈಗಿನ ಕಾಲದಲ್ಲಿ ಇಂಥದ್ದು ಎಲ್ಲಿ ಸಿಗುತ್ತೆ? ಹಿಡಿಗೆ ಯಾರೋ ಪುಣ್ಯಾತ್ಮರು ಸೈಕಲ್ ಬೋಲ್ಟ್ ಹಾಕಿದ್ದಾರೆ. ಭದ್ರವಾಗೇ ಇದೆ," ಎಂದು ದೊಡ್ಡಮ್ಮ ಹೇಳುತ್ತಲೇ ಇದ್ದಳು.

ಆ ಬೋಲ್ಟು ಹಾಕಿದವಳು ಗುಬ್ಬಿಯೇ. ಬೇರೆ ಊರಿನಲ್ಲಿ, ಬೇರೆ ಅಡುಗೆಮನೆಯಲ್ಲಿ. ಗಂಡ ಬಾಣಲೆ ಎಸೆದಿದ್ದ. ಅದು ಅವಳ ಕಿವಿಯ ಪಕ್ಕದಿಂದ ಹಾದು ಬಾಗಿಲ ಚೌಕಟ್ಟಿಗೆ ಬಡಿದು ಹಿಡಿ ಕಿತ್ತುಬಂದಿತ್ತು. ಮರುದಿನ ಬೆಳಿಗ್ಗೆ ಅದರಲ್ಲೇ ಅಡುಗೆ ಆಗಬೇಕಿತ್ತು. ಮೂಲೆಯಲ್ಲಿ ಬಿದ್ದಿದ್ದ ಹಳೆ ಸೈಕಲಿನಿಂದ ಬೋಲ್ಟು ಬಿಚ್ಚಿ, ಉದ್ದ ಹೆಚ್ಚಾಯಿತೆಂದು ಇನ್ನೊಂದು ವಾಷರು ತೂರಿಸಿ, ಸದ್ದಾಗದಂತೆ ಬಟ್ಟೆ ಸುತ್ತಿದ ಸ್ಪ್ಯಾನರಿನಲ್ಲಿ ಬಿಗಿದಿದ್ದಳು.

ಒಲೆಯ ಮೇಲೆ ಕುಂಬಳಕಾಯಿ ತಳ ಹಿಡಿಯುವ ವಾಸನೆ ಬಂತು. ಅದು ಮೂಗಿಗೆ ಬಡಿದರೂ ಗುಬ್ಬಿಯ ಕೈ ಏಳಲಿಲ್ಲ. ದೊಡ್ಡಮ್ಮನೇ ಹೋಗಿ ಒಲೆ ಆರಿಸಿದಳು. ತಿರುಗಿ ಗುಬ್ಬಿಯ ಮುಖ ನೋಡಿದವಳು ಮಾತು ನಿಲ್ಲಿಸಿದಳು.

ದೊಡ್ಡಮ್ಮ ಎಂದರೆ ರಕ್ತಸಂಬಂಧವೇನಲ್ಲ. ಮೂರು ವರ್ಷದ ಹಿಂದೆ ಗುಬ್ಬಿ ಆ ಮನೆ ಬಿಟ್ಟು, ಸಿಕ್ಕ ಬಸ್ಸು ಹತ್ತಿ, ಅದು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಟಿಕೆಟ್ಟು ಕೇಳಿದ್ದಳು. ಬಸ್ಸು ಬಂದು ನಿಂತದ್ದು ಇಲ್ಲಿ. ಅಂದೂ ಸಂತೆಯ ದಿನ. ಬೆಂಚಿನ ಮೇಲೆ ಮುದುಡಿ ಕೂತವಳನ್ನು ಕಂಡು ಈ ಮುದುಕಿ, "ಸುಮ್ಮನೆ ಕೂತಿದೀಯಲ್ಲ, ಈ ಮೇಜಿನ ಇನ್ನೊಂದು ತುದಿ ಹಿಡ್ಕೊ," ಎಂದಿದ್ದಳು. ಮೇಜಿನ ಜೊತೆ ಗುಬ್ಬಿಯೂ ಮನೆಯೊಳಗೆ ಬಂದಳು. ದೊಡ್ಡಮ್ಮ ಏನನ್ನೂ ಕೆದಕಿ ಕೇಳಲಿಲ್ಲ. ಗುಬ್ಬಿ ಲಾಂಡ್ರಿಯಲ್ಲಿ ಇಸ್ತ್ರಿಯ ಕೆಲಸ ಹಿಡಿದ ಮೇಲೆ, ನೆನಪಾದಾಗ ನೆನಪಾದಷ್ಟು ತಾನೇ ಹೇಳಿದಳು. ದೊಡ್ಡಮ್ಮನೂ ತನ್ನದನ್ನು ಹೇಳಿದಳು. ಅವಳು ಬಹಳ ಕಾಲ ದೊಡ್ಡ ಡೈರಿಯೊಂದರ ಕೊಟ್ಟಿಗೆಯಲ್ಲಿ ದುಡಿದವಳು. ಹುಟ್ಟಿದ ಕರುವನ್ನು ತಾಯಿಯಿಂದ ಬೇರೆ ಮಾಡಿ ಇನ್ನೊಂದು ಶೆಡ್ಡಿಗೆ ಒಯ್ಯುವುದು ಅವಳ ಕೆಲಸ. ಒಂದು ದಿನ ಅದನ್ನು ಬಿಟ್ಟಳು, ಆಮೇಲೆ ಹಾಲು, ಮೊಸರು, ಬೆಣ್ಣೆಯನ್ನೂ ಬಿಟ್ಟಳು. ಮೊಟ್ಟೆ, ಮಾಂಸಗಳು ಅದರ ಹಿಂದೆಯೇ ಹೋದವು. ಆದರೆ ನಾಲಿಗೆ ರುಚಿಯನ್ನು ಮಾತ್ರ ಬಿಡಲಿಲ್ಲ ಎನ್ನುತ್ತಿದ್ದಳು. ಕಡಲೆಕಾಯಿ ನೆನೆಸಿ, ಅರೆದು, ಬಟ್ಟೆಯಲ್ಲಿ ಹಿಂಡಿ ಅವಳು ತೆಗೆಯುವ ಹಾಲು ಬಿದ್ದರೆ ಬರೀ ಕುಂಬಳಕಾಯಿಯೂ ಗಟ್ಟಿ ಕೆನೆಯಂತಾಗುತ್ತಿತ್ತು.

"ಇದು ನನ್ನದು," ಎಂದಳು ಗುಬ್ಬಿ. "ಆ ಮನೇದು."

ದೊಡ್ಡಮ್ಮ ಬಾಣಲೆಯನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿ ಮೇಜಿನ ಕೆಳಗಿಟ್ಟಳು. ಗುಬ್ಬಿ ಆಗಲೇ ಮಂಚದ ಕೆಳಗಿನ ಚೀಲ ಎಳೆದಿದ್ದಳು. ಎರಡು ಜೊತೆ ಬಟ್ಟೆ ತುರುಕಿದಳು, ಬಾಚಣಿಗೆ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಅಂಗೈ ಬೆವರಿ ಜಿಪ್ಪು ಜಾರುತ್ತಿತ್ತು. ಬಾಣಲೆ ತಾನಾಗಿ ನಡೆದು ಬರುವುದಿಲ್ಲ. ಅವನು ಈ ಊರಿಗೆ ಬಂದಿದ್ದಾನೆ. ಮನೆ ಮಾಡಿದ್ದಾನೆ, ಬೇಡದ ಸಾಮಾನು ಮಾರುತ್ತಿದ್ದಾನೆ. ಅಥವಾ ಬೇಕೆಂದೇ ಮಾರಿದ್ದಾನೆ, ಅದು ಯಾರ ಕೈ ಸೇರುತ್ತದೆ ನೋಡೋಣವೆಂದು. ಈ ಕ್ಷಣದಲ್ಲಿ ಬೀದಿಯ ತಿರುವಿನಲ್ಲಿ ನಿಂತು, ದೊಡ್ಡಮ್ಮ ಯಾವ ಬಾಗಿಲು ಹೊಕ್ಕಳೆಂದು ನೋಡಿಕೊಂಡಿದ್ದಾನೆ.

"ಮಧ್ಯಾಹ್ನದ ಬಸ್ಸಿಗೆ ಹೋಗ್ತೀನಿ ದೊಡ್ಡಮ್ಮ."

"ಹೋಗೋದಾದ್ರೆ ನಾನೂ ಬರ್ತೀನಿ," ಎಂದಳು ದೊಡ್ಡಮ್ಮ. "ಆದ್ರೆ ಯಾರಿಂದ ಓಡ್ತಿದೀವಿ ಅಂತ ಒಂದ್ಸಲ ನೋಡ್ಕೊಂಡು ಓಡೋಣ."

ಸಂತೆಗೆ ಹೋಗುವ ದಾರಿಯುದ್ದಕ್ಕೂ ಗುಬ್ಬಿ ಗೋಡೆಗೆ ಅಂಟಿಕೊಂಡು ನಡೆದಳು. ಎದುರಿಗೆ ಬಂದ ಪ್ರತಿ ಗಂಡಸಿಗೂ ಮೊದಲು ಗಂಡನ ಭುಜ ಬರುತ್ತಿತ್ತು, ಗಂಡನ ನಡಿಗೆ ಬರುತ್ತಿತ್ತು, ಹತ್ತಿರವಾದ ಮೇಲೆ ಬೇರೆ ಯಾರದೋ ಮುಖ ಬರುತ್ತಿತ್ತು. ದೊಡ್ಡಮ್ಮ ಅವಳ ಮೊಣಕೈ ಬಿಡಲಿಲ್ಲ.

ಬಾಣಲೆ ಮಾರಿದವನು ಗುಜರಿ ಮಾವ. ಎಲ್ಲರೂ ಕರೆಯುವುದೇ ಹಾಗೆ. ಒಂದು ಕಾಲಿನ ಬೂಟನ್ನೂ ದೊಡ್ಡ ಮನೆತನದ ಬೂಟೆಂದು ಹೊಗಳಿ ಮಾರುವ ಮನುಷ್ಯ. ಅವನ ಪಕ್ಕದಲ್ಲಿ ಒಬ್ಬ ಹಳೆಯ ಕೋಟುಗಳನ್ನು ಹಗ್ಗಕ್ಕೆ ಸಾಲಾಗಿ ನೇತುಹಾಕಿದ್ದ. ಗುಬ್ಬಿ ಆ ಕೋಟುಗಳ ಹಿಂದೆ ಸರಿದು ನಿಂತಳು. ನುಸಿಗುಳಿಗೆಯ ವಾಸನೆ, ಯಾರ ಯಾರದೋ ಬೆವರಿನ ವಾಸನೆ. ಕೆಳಗೆ ಜನರ ಕಾಲುಗಳು ಮಾತ್ರ ಕಾಣುತ್ತಿದ್ದವು. ಕಪ್ಪು ಬೂಟು ಕಂಡಾಗಲೆಲ್ಲ ಅವಳ ಉಸಿರು ನಿಂತು, ಅದು ದಾಟಿಹೋದ ಮೇಲೆ ಹೊರಡುತ್ತಿತ್ತು.

ದೊಡ್ಡಮ್ಮ ಏನೋ ಚೌಕಾಸಿ ಮಾಡುವವಳಂತೆ ಗುಜರಿ ಮಾವನ ಬಳಿ ಬಹಳ ಹೊತ್ತು ಮಾತಾಡಿದಳು. ಆಮೇಲೆ ಕೋಟೊಂದರ ತೋಳು ಹಿಡಿದು ನೋಡುತ್ತಾ, ಅದರ ಜೊತೆಗೇ ಮಾತಾಡುವವಳಂತೆ ಹೇಳಿದಳು.

"ಗಂಡಸಲ್ಲ ಕಣೆ. ಯಾವುದೋ ಹುಡುಗಿಯಂತೆ. ನಿನ್ನೆ ಸಂಜೆ ಇವನು ಸಂತೆಗೆ ಸಾಮಾನು ಇಳಿಸ್ತಿದ್ದಾಗ ಬಸ್ಸಿಳಿದು ಬಂದು ಕೊಟ್ಟಳಂತೆ. ಇವತ್ತು ಇನ್ನೇನೋ ತರ್ತೀನಿ ಅಂದಿದ್ದಾಳಂತೆ."

ಗುಬ್ಬಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಅವನೇ ಕಳಿಸಿರಬಹುದು. ತಾನು ಬಂದರೆ ಓಡುತ್ತಾಳೆಂದು ಹೆಂಗಸನ್ನು ಮುಂದೆ ಬಿಟ್ಟಿರಬಹುದು. ಬುದ್ಧಿವಂತ ಅವನು, ನಾಲ್ಕು ಜನರ ಎದುರು ನಗುನಗುತ್ತಾ ಮಾತಾಡುವವನು. ಮನೆಗೆ ಹೋಗೋಣವೆಂದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ದೊಡ್ಡಮ್ಮ ಅವಳ ಕೈ ಒತ್ತಿದಳು.

ಹುಡುಗಿ ಬಂದಿದ್ದಳು. ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಆ ಬಿಸಿಲಿನಲ್ಲೂ ಮಣಿಕಟ್ಟಿನವರೆಗೆ ಇಳಿದ ಹಸಿರು ಸ್ವೆಟರು. ಚೀಲದಿಂದ ಒಂದು ಮೇಜಿನ ಗಡಿಯಾರ ತೆಗೆದು ಗುಜರಿ ಮಾವನ ಮುಂದಿಟ್ಟಳು. ಅದು ಗುಬ್ಬಿಯ ಕಾಲದ್ದಲ್ಲ. ಗುಜರಿ ಮಾವ ಅದನ್ನು ಕಿವಿಗಿಟ್ಟು ಕೇಳಿ, ತಲೆಯಾಡಿಸಿ, ಬೆನ್ನು ಬಿಚ್ಚಿ ನೋಡತೊಡಗಿದ. ಹುಡುಗಿ ಅವನ ಕಡೆ ನೋಡುತ್ತಲೇ ಇರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಬಸ್ ನಿಲ್ದಾಣದ ದಾರಿ ಕಾಣುವಂತೆ ನಿಂತಿದ್ದಳು.

ಗುಜರಿ ಮಾವನ ಮೊಣಕೈ ತಾಗಿ ಒಂದು ದೊಡ್ಡ ಪಾತ್ರೆಯ ಮುಚ್ಚಳ ಕಲ್ಲಿನ ಮೇಲೆ ಬಿತ್ತು. ಠಣ್ ಎಂದು ಇಡೀ ಸಂತೆಗೆ ಕೇಳಿತು. ಹುಡುಗಿಯ ತೋಳು ಸರಕ್ಕನೆ ಎದ್ದು ತಲೆಗೆ ಅಡ್ಡ ಬಂತು, ಮೊಣಕಾಲು ಮಡಿಸಿ ಕುಗ್ಗಿದಳು. ಕೋಟುಗಳ ಹಿಂದೆ ಗುಬ್ಬಿಯ ತೋಳೂ ತಲೆಗೆ ಅಡ್ಡ ಬಂದಿತ್ತು.

ಗುಬ್ಬಿ ಅದನ್ನು ನಿಧಾನವಾಗಿ ಇಳಿಸಿದಳು. ದೊಡ್ಡಮ್ಮ ಇಬ್ಬರನ್ನೂ ನೋಡಿದ್ದಳು. ಗುಬ್ಬಿಯ ಕೈ ಒತ್ತಿ ಹಿಡಿದಿದ್ದ ತನ್ನ ಕೈಯನ್ನು ತೆಗೆದಳು.

ಹೊರಟುಹೋಗಬಹುದಿತ್ತು. ಹುಡುಗಿಗೆ ಗುಬ್ಬಿ ಯಾರೆಂದೇ ಗೊತ್ತಿಲ್ಲ. ಅವನು ಈ ಹುಡುಗಿಯನ್ನು ಹುಡುಕಿಕೊಂಡು ಬಂದೇ ಬರುತ್ತಾನೆ, ಬಂದರೆ ಇಬ್ಬರೂ ಒಂದೇ ಕಡೆ ಸಿಗುತ್ತಾರೆ. ಮೂರು ವರ್ಷದಿಂದ ರಾತ್ರಿ ಬಾಗಿಲಿಗೆ ಕುರ್ಚಿ ಒತ್ತಿ ಮಲಗುತ್ತಿದ್ದವಳು ಅದನ್ನು ಬಿಟ್ಟದ್ದು ಈಚೆಗಷ್ಟೇ. ದೊಡ್ಡಮ್ಮನ ಕೈಯಲ್ಲಿ ಬಸ್ಸಿನ ಖರ್ಚಿಗೆ ಏನಾದರೂ ಕೊಡಿಸಿ ಕಳಿಸಿದರಾಯಿತು ಎಂದುಕೊಂಡಳು. ಎಂದುಕೊಳ್ಳುತ್ತಲೇ ಕೋಟುಗಳನ್ನು ಸರಿಸಿ ಹೊರಗೆ ಬಂದಳು.

"ನೀನು ಕೊಟ್ಟ ಬಾಣಲೆಗೆ ಸೈಕಲ್ ಬೋಲ್ಟ್ ಹಾಕಿದ್ದು ನಾನು," ಎಂದಳು.

ಹುಡುಗಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವಳ ತುಟಿಯ ಬಣ್ಣ ಇಳಿದುಹೋಯಿತು. ಓಡಲು ಎರಡೂ ಕಡೆ ನೋಡಿದಳು. ಒಂದು ಕಡೆ ಗೋಡೆ, ಇನ್ನೊಂದು ಕಡೆ ದೊಡ್ಡಮ್ಮ.

"ನೀವು ತೀರಿಹೋದ್ರಿ ಅಂದಿದ್ರು ಅವರು," ಎಂದಳು, ಉಸಿರಿನಲ್ಲೇ. "ಮಾತು ಕೇಳದೆ ಹಾಗಾಯ್ತು ಅಂತ. ದಿನಾ ಹೇಳೋರು."

'ಅವರು' ಎಂದಳು. ಆ ಬಹುವಚನ ಬಿಡಲು ಗುಬ್ಬಿಗೆ ಒಂದು ವರ್ಷ ಹಿಡಿದಿತ್ತು.

"ನೀನು ಹತ್ತಿದ ಬಸ್ಸನ್ನ ಯಾರಾದ್ರೂ ನೋಡಿದ್ರಾ?"

ಹುಡುಗಿ ತಲೆ ತಗ್ಗಿಸಿದಳು. ಹತ್ತುವಾಗ ಪಕ್ಕದ ಮನೆಯಾಕೆ ಎದುರಿಗೇ ಸಿಕ್ಕಿದ್ದಳು, ಎಲ್ಲಿಗೆ ಎಂದು ಕೇಳಿದ್ದಳು. ತಂಗಿಯ ಮನೆಗೆ ಎಂದು ಬಾಯಿಗೆ ಬಂದದ್ದು ಹೇಳಿದ್ದಳಂತೆ. ತನಗೆ ತಂಗಿಯೇ ಇಲ್ಲವೆಂದು ಆಕೆಗೆ ಗೊತ್ತಿತ್ತಂತೆ.

ಹಾಗಾದರೆ ಇಂದಲ್ಲ ನಾಳೆ ಅವನು ಬರುತ್ತಾನೆ, ಎಂದುಕೊಂಡಳು ಗುಬ್ಬಿ. ಗುಜರಿ ಮಾವ ಗಡಿಯಾರ ಹಿಡಿದು ಬೇಕೋ ಬೇಡವೋ ಎಂದು ಕೇಳುತ್ತಿದ್ದ. ದೊಡ್ಡಮ್ಮ ಅದನ್ನು ಇಸಿದುಕೊಂಡು ಹುಡುಗಿಯ ಚೀಲಕ್ಕೆ ಹಾಕಿದಳು. ಈ ದಾರಿಯಲ್ಲಿ ಯಾವ ಹುಡುಗಿಯೂ ಬರಲಿಲ್ಲ, ಯಾವ ಬಾಣಲೆಯೂ ಬರಲಿಲ್ಲ ಎಂದು ಅವನಿಗೆ ಮೆಲ್ಲಗೆ ಹೇಳಿದಳು. ಗುಜರಿ ಮಾವ ಹಸಿರು ಸ್ವೆಟರಿನ ಉದ್ದ ತೋಳನ್ನು ಒಂದು ಕ್ಷಣ ನೋಡಿದ. ನನಗೆ ಮೊದಲೇ ಮರೆವು ಜಾಸ್ತಿ ಎಂದು ಬಿದ್ದ ಮುಚ್ಚಳ ಎತ್ತಿಕೊಂಡು ಒರೆಸತೊಡಗಿದ.

"ಊಟ ಆಯ್ತಾ?" ಎಂದು ಕೇಳಿದಳು ಗುಬ್ಬಿ.

"ಇಲ್ಲ ಅಕ್ಕ," ಎಂದಳು ಹುಡುಗಿ.

ಮನೆಗೆ ಅವರು ಮೂರು ಬೀದಿ ಸುತ್ತಿ ಬಂದರು. ತಳ ಹಿಡಿದ ಕುಂಬಳಕಾಯಿಯಲ್ಲಿ ಮೇಲಿನದನ್ನು ಮಾತ್ರ ದೊಡ್ಡಮ್ಮ ಬೇರೆ ಪಾತ್ರೆಗೆ ತೆಗೆದಳು. ಗುಬ್ಬಿ ಬೆಂದ ಅಲಸಂದೆ ಕಾಳನ್ನು ಅದಕ್ಕೆ ಸೇರಿಸಿದಳು, ಬೆಳ್ಳುಳ್ಳಿ ಜಜ್ಜಿದಳು. ಬಾಗಿಲ ಕಡೆ ನೋಡುತ್ತಾ ಸೊಪ್ಪು ಹೆಚ್ಚುವಾಗ ಬೆರಳಿಗೆ ಚಾಕು ತಾಗಿತು. ಕಡಲೆಕಾಯಿ ಹಾಲು ಹಿಂಡಿ ಸುರಿದಾಗ ಅದು ಬೆಳ್ಳಗೆ ಕುದಿಯಿತು. ಹುಡುಗಿ ನೆಲದ ಮೇಲೆ ಮೂಲೆ ಹಿಡಿದು ಕೂತಿದ್ದಳು. ತಟ್ಟೆ ಕೊಟ್ಟಾಗ ಎದೆಗೆ ಹತ್ತಿರ ಹಿಡಿದುಕೊಂಡು ಬೇಗಬೇಗ ಉಂಡಳು. ಅರ್ಧ ಆದ ಮೇಲೆ, ಹಾಲು ಹಾಕಿದ್ದೀರಾ, ಬೆಣ್ಣೆಯಾ ಎಂದು ಕೇಳಿದಳು.

"ಕಡಲೆಕಾಯಿ ಹಾಲು," ಎಂದಳು ದೊಡ್ಡಮ್ಮ. "ಒದೆಯಲ್ಲ, ಹಾಯಲ್ಲ, ಇದರ ಕರುವೂ ಅಳಲ್ಲ."

ಹುಡುಗಿಯ ಮುಖದಲ್ಲಿ ನಗು ಬರಲು ನೋಡಿತು. ಆಗಲೇ ಹೊರಗೆ ಒಂದು ಬೈಕು ಬಂದು ನಿಂತ ಸದ್ದಾಯಿತು. ಮೂವರ ಕೈಯೂ ತಟ್ಟೆಯಲ್ಲೇ ನಿಂತಿತು. ಇಂಜಿನ್ನು ಗುರುಗುಟ್ಟುತ್ತಲೇ ಇತ್ತು. ಯಾರೋ ಯಾರದೋ ಮನೆಯ ಗುರುತು ಕೇಳಿದರು, ಯಾರೋ ಉತ್ತರಿಸಿದರು. ಬೈಕು ಹೊರಟು, ತಿರುವಿನಲ್ಲಿ ಸದ್ದು ಕರಗಿತು.

ದೊಡ್ಡಮ್ಮ ಎದ್ದು ಬಾಗಿಲು ಸ್ವಲ್ಪವೇ ತೆರೆದಳು. ಹೊಸ್ತಿಲಾಚೆ ಇದ್ದ ಮೂರು ಜೊತೆ ಚಪ್ಪಲಿಯನ್ನು ಒಂದೊಂದಾಗಿ ಒಳಗೆ ಎತ್ತಿಕೊಂಡಳು. ಅಗುಳಿ ಹಾಕಿದಳು. ಚಪ್ಪಲಿಗಳನ್ನು ಗೋಡೆಯ ಬುಡದಲ್ಲಿ, ಮೂತಿ ಬಾಗಿಲ ಕಡೆಗಿರುವಂತೆ ಒಂದರ ಪಕ್ಕ ಒಂದು ಜೋಡಿಸಿಟ್ಟಳು. ಹುಡುಗಿ ಅದನ್ನೇ ನೋಡುತ್ತಿದ್ದಳು. ಆಮೇಲೆ ಕೈ ಚಾಚಿ, ಯಾರನ್ನೂ ಕೇಳದೆ, ಇನ್ನೊಂದು ಸೌಟು ಬಡಿಸಿಕೊಂಡಳು.