ಗೊಂಬೆ ನೋಡಲು ಬಂದ ಪೊಲೀಸರು

ನಮ್ಮಕ್ಕ ಸುಧಾಮಣಿ ಡ್ರಗ್ಸ್ ಮಾರುತ್ತಾಳೆ ಎಂದು ಪೊಲೀಸರಿಗೆ ಖಾತ್ರಿಯಾದದ್ದು ೧೯೮೮ರ ನವರಾತ್ರಿಯಲ್ಲಿ. ಅವರನ್ನು ಪೂರ್ತಿ ದೂರುವ ಹಾಗೂ ಇಲ್ಲ. ಹೊರಗಿನಿಂದ ನೋಡಿದವರಿಗೆ ಹಾಗೇ ಕಾಣುತ್ತಿತ್ತು.

ನ್ಯೂಜೆರ್ಸಿಯ ಎಡಿಸನ್ನಿನಿಂದ ಸ್ವಲ್ಪ ದೂರದ ಊರು ಅದು. ಹೆಸರು ಬೇಡ, ಆ ಪೊಲೀಸರಲ್ಲಿ ಕೆಲವರು ಇನ್ನೂ ಅಲ್ಲೇ ಇದ್ದಾರೆ. ಅಕ್ಕ ಮೈಸೂರಿನಿಂದ ಸೀರೆಗಳ ನಡುವೆ ಸುತ್ತಿ ತಂದ ಗೊಂಬೆಗಳನ್ನು ಲಿವಿಂಗ್ ರೂಮಿನಲ್ಲಿ ಮೆಟ್ಟಿಲು ಕಟ್ಟಿ ಕೂರಿಸುತ್ತಿದ್ದಳು. ಸುತ್ತಮುತ್ತ ಗೊಂಬೆ ಕೂರಿಸುವ ಮನೆ ಅದೊಂದೇ. ಸಂಜೆಯಾದರೆ ಸಾಕು, ಐಸೆಲಿನ್, ಮನ್ರೋ ಕಡೆಯಿಂದೆಲ್ಲ ಕಾರುಗಳು ಬರುತ್ತಿದ್ದವು. ಹೆಂಗಸರು ಬರಿಗೈಯಲ್ಲಿ ಒಳಗೆ ಬರುವುದು, ಕಾಲು ಗಂಟೆ ಇರುವುದು, ತಾಂಬೂಲದ ಪೊಟ್ಟಣ ಹಿಡಿದುಕೊಂಡು ಹೊರಡುವುದು. ಗಂಡಂದಿರು ಎಂಜಿನ್ ಕೂಡ ಆಫ್ ಮಾಡದೆ ಕಾರಿನಲ್ಲೇ ಕೂತಿರುವುದು. ಹೊಸ್ತಿಲ ಮುಂದೆ ದಿನಾ ಬೆಳಗ್ಗೆ ಬಿಳಿ ಪುಡಿ. ಹೀಗೆ ಹಬ್ಬದ ಅಷ್ಟೂ ದಿನ ನಡೆಯಿತು.

ಎದುರಿನ ಮನೆ ಮುಂದೆ ಪ್ಲಂಬಿಂಗ್ ಕಂಪನಿಯ ವ್ಯಾನೊಂದು ಬಂದು ನಿಂತಿತು. ಒಳಗೆ ಇಬ್ಬರಿದ್ದರು, ಇಳಿಯುತ್ತಲೇ ಇರಲಿಲ್ಲ. "ಪಾಪ, ಯಾರೋ ಕೆಲಸದೋರು, ಹೊಟ್ಟೆಗೇನಾದ್ರೂ ತಿಂದ್ರೋ ಇಲ್ವೋ," ಎಂದು ಅಕ್ಕ ಕಡಲೆ ಉಸಲಿಯನ್ನೂ ತಾಂಬೂಲವನ್ನೂ ನನ್ನ ಕೈಯಲ್ಲಿ ಕಳಿಸಿದಳು. ನಾನು ಅವಳ ತಂಗಿ ರೇಣು. ಆಗ ಅಕ್ಕ-ಭಾವನ ಮನೆಯ ಮಹಡಿ ಕೋಣೆಯಲ್ಲಿದ್ದುಕೊಂಡು ನ್ಯೂಯಾರ್ಕಿನ ಒಂದು ಬ್ಯಾಂಕಿಗೆ ಟ್ರೈನಿನಲ್ಲಿ ಕಮ್ಯೂಟ್ ಮಾಡುತ್ತಿದ್ದೆ. ಉಸಲಿಯನ್ನು ಆ ಇಬ್ಬರು ನನ್ನೆದುರೇ ತಿಂದರು. ತಾಂಬೂಲದ ಪೊಟ್ಟಣವನ್ನು ಮಾತ್ರ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಸೀಲ್ ಮಾಡಿದರು. ಅಮೆರಿಕದವರಿಗೂ ಪ್ರಸಾದದ ಮೇಲೆ ಇಷ್ಟು ಭಕ್ತಿಯೇ ಎಂದು ನನಗೆ ಖುಷಿಯಾಯಿತು.

ನಮ್ಮ ಭಾವ ಜಯರಾಮು ಮೆಕ್ಯಾನಿಕಲ್ ಎಂಜಿನಿಯರ್. ಆರಡಿ ಎತ್ತರ, ಹುರಿಮೀಸೆ, ಜಿರಳೆ ಕಂಡರೆ ಅಕ್ಕನನ್ನು ಕರೆಯುವ ಮನುಷ್ಯ. ಆಯುಧಪೂಜೆಯ ದಿನ ತಮ್ಮ ಟೂಲ್‌ಬಾಕ್ಸನ್ನೆಲ್ಲ ತಂದು ಗೊಂಬೆಗಳ ಮುಂದೆ ಹರಡಿದರು. ಸ್ಪ್ಯಾನರ್, ಸುತ್ತಿಗೆ, ಗರಗಸ, ಅವುಗಳ ಪಕ್ಕದಲ್ಲಿ ಅಕ್ಕನ ಚಾಕುಗಳು ಮತ್ತು ಈಳಿಗೆಮಣೆ. ಎಲ್ಲದಕ್ಕೂ ಅಕ್ಕ ನೀರಿನಲ್ಲಿ ಕಲಸಿದ ಕುಂಕುಮವನ್ನು ಧಾರಾಳವಾಗಿ ಬಳಿದಳು. ಪೂಜೆಗಿಟ್ಟದ್ದನ್ನು ಮರುದಿನ ಮತ್ತೆ ಪೂಜೆ ಮಾಡಿ ತೆಗೆಯುವವರೆಗೆ ಮುಟ್ಟುವ ಹಾಗಿಲ್ಲ. ಎಲ್ಲವನ್ನೂ ಅಲ್ಲೇ ಬಿಟ್ಟು ಮಲಗಿದೆವು.

ಬೆಳಗ್ಗೆ ಅಕ್ಕ ಸ್ನಾನ ಮಾಡಿ ದೀಪ ಹಚ್ಚುತ್ತಿದ್ದಳು. ಭಾವ ಕೋಟು ಇಡುವ ಕ್ಲೋಸೆಟ್ಟಿನ ಹತ್ತಿರ ಶೂ ಹುಡುಕುತ್ತಿದ್ದರು. ನಾನು ಕಾಫಿ ಲೋಟ ಹಿಡಿದು ಮಹಡಿ ಮೆಟ್ಟಿಲ ಮೇಲೆ ಕೂತಿದ್ದೆ. ಮುಂಬಾಗಿಲು ಮುರಿದುಕೊಂಡು ಒಳಗೆ ಬಿತ್ತು. ಯಾರೂ ತಟ್ಟಲಿಲ್ಲ, ಬೆಲ್ ಒತ್ತಲಿಲ್ಲ. ತಟ್ಟಿದರೆ ನಾವು ಸರಕನ್ನೆಲ್ಲ ಟಾಯ್ಲೆಟ್ಟಿಗೆ ಸುರಿದು ಫ್ಲಷ್ ಮಾಡಿಬಿಡುತ್ತೇವೆ ಎಂದು ತಟ್ಟದೆಯೇ ನುಗ್ಗಲು ಜಡ್ಜ್ ಒಬ್ಬರು ಅನುಮತಿ ಕೊಟ್ಟಿದ್ದರಂತೆ. ಅದು ಆಮೇಲೆ ಗೊತ್ತಾದದ್ದು. ಆಗ ನಮಗೆ ಕಂಡದ್ದು ಪಿಸ್ತೂಲು ಹಿಡಿದ, ಕಪ್ಪು ಜಾಕೆಟ್ಟಿನ, ಗುರುತಿಲ್ಲದ ಗಂಡಸರು. ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು, ಒಂದೂ ಅರ್ಥವಾಗುತ್ತಿರಲಿಲ್ಲ.

ಭಾವ ಕ್ಲೋಸೆಟ್ಟಿನೊಳಗೆ ಹೋಗಿ ಬಾಗಿಲೆಳೆದುಕೊಂಡರು. ಇದನ್ನು ನಾನು ಕಣ್ಣಾರೆ ಕಂಡೆ. ಅಕ್ಕ ಗೊಂಬೆಗಳ ಮುಂದಿನಿಂದ ಕದಲಲಿಲ್ಲ. ಎಲ್ಲರಿಗಿಂತ ಮುಂದಿದ್ದವನು ಬೂಟುಗಾಲನ್ನು ಗೊಂಬೆಗಳ ಮೊದಲ ಮೆಟ್ಟಿಲ ಮೇಲೆ ಇಟ್ಟ. ಮೆಟ್ಟಿಲು ಎಂದರೆ ಹಲಗೆ, ರಟ್ಟಿನ ಪೆಟ್ಟಿಗೆ, ಮೇಲೊಂದು ಪಂಚೆ, ಅಷ್ಟೇ. ಇಡೀ ಸಾಲು ಕುಸಿದು ಮೇಲಿದ್ದ ರಾಜ-ರಾಣಿಯ ಪಟ್ಟದ ಗೊಂಬೆಗಳು ನೆಲಕ್ಕೆ ಬಿದ್ದವು. ಅಕ್ಕ ಕೈಗೆ ಸಿಕ್ಕ ಸ್ಪ್ಯಾನರ್ ಎತ್ತಿ ಅವನ ಹೆಗಲಿಗೆ ಬಾರಿಸಿದಳು. ಅವನು ಕುಸಿದು ಕೂತ. ಹೆಗಲೆಲ್ಲ ಕೆಂಪಾದದ್ದನ್ನು ನೋಡಿ ಉಳಿದವರು ರಕ್ತ, ರಕ್ತ ಎಂದು ಆಂಬ್ಯುಲೆನ್ಸ್ ಕರೆದರು. ಕೆಂಪಾಗಿದ್ದದ್ದು ಕುಂಕುಮದಿಂದ. ಹೆಗಲಿನ ಮೂಳೆ ಬಿರುಕು ಬಿಟ್ಟಿದ್ದು ಮಾತ್ರ ನಿಜ.

ಇಬ್ಬರು ಅಕ್ಕನ ಕೈ ತಿರುಚಿ ಗೋಡೆಗೆ ಒತ್ತಿದರು. ಆಗ ಕೋಟುಗಳ ನಡುವಿನಿಂದ ಭಾವ ಹೊರಗೆ ಬಂದರು. ಬೆನ್ನಿಗೊಂದು ಹ್ಯಾಂಗರ್ ಸಿಕ್ಕಿಕೊಂಡು ಜೋತಾಡುತ್ತಿತ್ತು. ಸೀದಾ ಹೋಗಿ ಅಕ್ಕನಿಗೂ ಅವರಿಗೂ ನಡುವೆ ತೂರಿಕೊಂಡು, "ಐ ಹಿಟ್ ಹಿಮ್. ಲೀವ್ ಹರ್," ಎಂದರು. ಪೊಲೀಸರು ಐದಡಿಯೂ ಇಲ್ಲದ ಅಕ್ಕನನ್ನು ನೋಡಿದರು, ಭಾವನ ಮೀಸೆ ನೋಡಿದರು. ಮರುಮಾತಿಲ್ಲದೆ ನಂಬಿದರು. ಹೊಡೆತ ತಿಂದ ಬ್ರೆನ್ನರ್ ಎಂಬ ಆ ಪೊಲೀಸನೂ ತನ್ನನ್ನು ಹೊಡೆದವನು ದೈತ್ಯನಂಥ ಗಂಡಸು ಎಂದೇ ಬರೆದುಕೊಟ್ಟ.

ಲ್ಯಾಬಿನವರು ರಂಗೋಲಿ ಪುಡಿ ರಂಗೋಲಿ ಪುಡಿಯೇ, ಅಡಿಕೆ ಅಡಿಕೆಯೇ ಎಂದು ತೀರ್ಮಾನಿಸಿದರು. ಡ್ರಗ್ಸ್ ಕೇಸು ಹೋಯಿತು. ಪೊಲೀಸನ ಮೇಲೆ ಕೈ ಮಾಡಿದ ಕೇಸು ಹೋಗಲಿಲ್ಲ. ಸಾಬೀತಾದರೆ ಭಾವನಿಗೆ ಜೈಲು, ಆಮೇಲೆ ಗ್ರೀನ್ ಕಾರ್ಡೂ ಹೋಗಿ ಇಬ್ಬರೂ ಊರಿಗೆ. ನಮ್ಮ ಲಾಯರು ಮಿಸೆಸ್ ಡೋನೆಲಿ ಬಿಡಿಸಿ ಹೇಳಿದರು: ಮನೆಗೆ ನುಗ್ಗಿದವನನ್ನು ಕಂಡು ಹೆದರಿ ಹೊಡೆಯುವ ಹಕ್ಕು ಮನೆಯವನಿಗೆ ಇದೆ, ನುಗ್ಗಿದವನು ಪೊಲೀಸನೆಂದು ಗೊತ್ತಿದ್ದರೆ ಇಲ್ಲ. ಆ ಗಳಿಗೆಯಲ್ಲಿ ಕಣ್ಣಿಗೆ ಏನು ಕಂಡಿತು, ಎಷ್ಟು ಹೆದರಿಕೆಯಾಯಿತು ಎಂದು ಹೊಡೆದವನ ಬಾಯಿಂದಲೇ ಜ್ಯೂರಿ ಕೇಳಬೇಕು.

ಅಕ್ಕ ನಿಜ ಹೇಳಿಬಿಡುತ್ತೇನೆ ಎಂದು ಹಟ ಹಿಡಿದಳು.

"ಸುಮ್ನಿರು ಸುಧಾ, ನಾನು ಹೇಳಿ ಆಯ್ತಲ್ಲ," ಎಂದರು ಭಾವ. "ನಿನ್ನನ್ನ ಜೈಲಲ್ಲಿ ಬಿಟ್ಟು ನಾನು ಮನೇಲಿ ಏನ್ ಮಾಡ್ಲಿ? ಅನ್ನಕ್ಕೆ ನೀರೆಷ್ಟು ಅಂತಾನೂ ಗೊತ್ತಿಲ್ಲ."

ಅಷ್ಟರಲ್ಲಿ ಸುದ್ದಿ ಹಬ್ಬಿ ಭಾವ ಶೂರರಾಗಿದ್ದರು. ನಮ್ಮವರ ಅಂಗಡಿಗಳಿದ್ದ ಓಕ್ ಟ್ರೀ ರೋಡಿನಲ್ಲಿ ಗುರುತಿಲ್ಲದವರೂ ಕೈ ಕುಲುಕುತ್ತಿದ್ದರು. ಕನ್ನಡದವರು ಸೇರಿದ ಕಡೆಯೆಲ್ಲ ಅವರಿಗೆ ಮುಂದಿನ ಸಾಲಿನ ಕುರ್ಚಿ. ಅವರಲ್ಲಿ ಹಿರಿಯರಾದ ನಂಜುಂಡಸ್ವಾಮಿ ಅಂಕಲ್ಲಂತೂ, "ಮೈಸೂರು ಹುಲಿ ಕಣಯ್ಯ ನೀನು," ಎಂದು ಬೆನ್ನು ತಟ್ಟಿದರು. ಭಾವ ನೆಲ ನೋಡುತ್ತ ನಿಂತರು. ಅದನ್ನೂ ಜನ ವಿನಯ ಎಂದುಕೊಂಡರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೊಡೆದವಳು ಅಡುಗೆಮನೆಯಲ್ಲಿ, ಅಡಗಿಕೊಂಡವರು ಮುಂದಿನ ಸಾಲಿನಲ್ಲಿ. ನಾನು ಒಂದು ವಾರ ಅವರ ಜೊತೆ ಮಾತು ಬಿಟ್ಟೆ. ಅವರು ಅದನ್ನೂ ಗಮನಿಸಲಿಲ್ಲ, ನನಗೆ ಇನ್ನೂ ಸಿಟ್ಟು ಬಂತು.

ವಿಚಾರಣೆ ಬೇಸಿಗೆಗೆ ಬಂತು. ಕೋರ್ಟಿನ ಅರ್ಧ ಬೆಂಚು ನಮ್ಮವರೇ. ಭಾವ ಸೂಟು ಹಾಕಿಕೊಂಡು ಸಾಕ್ಷಿಕಟ್ಟೆ ಹತ್ತಿದರು. ಸರ್ಕಾರಿ ವಕೀಲ ಬಹಳ ಮರ್ಯಾದೆಯಿಂದ ಕೇಳಿದ, ಯಾವ ಹೆಗಲಿಗೆ ಹೊಡೆದಿರಿ? ಭಾವ ಎಡ ಎಂದರು. ಬಿರುಕು ಬಿಟ್ಟದ್ದು ಬಲ. ಆಫೀಸರ್ ಏನು ತೊಟ್ಟಿದ್ದರು? ಗಾಬರಿಯಲ್ಲಿ ಖಾಕಿ ಎಂದರು. ಖಾಕಿ ಪೊಲೀಸರು ಮೈಸೂರಿನಲ್ಲಿ, ನ್ಯೂಜೆರ್ಸಿಯಲ್ಲಲ್ಲ. ಮೊದಲು ಯಾವ ಗೊಂಬೆ ಬಿತ್ತು ಎಂದದ್ದಕ್ಕೆ ಭಾವ ಕರ್ಚೀಫು ತೆಗೆದು ಮೀಸೆ ಒರೆಸಿಕೊಂಡರು. ಇವರು ಉದ್ದಕ್ಕೂ ಸುಳ್ಳು ಹೇಳುತ್ತಿದ್ದಾರೆ, ಹೆದರಿಕೆಯಿಂದ ಹೊಡೆದೆ ಎನ್ನುವುದೂ ಸುಳ್ಳೇ, ಪೊಲೀಸರೆಂದು ಗೊತ್ತಿದ್ದೇ ಹೊಡೆದದ್ದು ಎಂದು ವಕೀಲ ಜ್ಯೂರಿಯ ಕಡೆ ತಿರುಗಿ ಹೇಳಿದ. ಜ್ಯೂರಿಯವರ ಮುಖ ನೋಡಿದರೆ ಮುಗಿಯಿತು ಎಂದೇ ಅನ್ನಿಸಿತು.

ಊಟದ ಬಿಡುವಿನಲ್ಲಿ ಅಕ್ಕ ಮಿಸೆಸ್ ಡೋನೆಲಿಯನ್ನು ಕಾರಿಡಾರಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದಳು. ಆಕೆ ಕೈಯಲ್ಲಿದ್ದ ಸ್ಯಾಂಡ್‌ವಿಚ್ಚನ್ನು ಮತ್ತೆ ಚೀಲಕ್ಕೆ ಹಾಕಿದರು. "ಜ್ಯೂರಿ ನಂಬದಿದ್ದರೆ ಇಬ್ಬರೂ ಜೈಲಿಗೆ ಹೋಗುತ್ತೀರಿ, ಗೊತ್ತಲ್ಲ?" ಎಂದರು. ಅಕ್ಕ ಗೊತ್ತು ಎಂದಳು.

ಮಧ್ಯಾಹ್ನ ಅವಳು ಸಾಕ್ಷಿಕಟ್ಟೆ ಹತ್ತಿದಳು. ಕುರ್ಚಿಯಲ್ಲಿ ಕೂತರೆ ತಲೆ ಮಾತ್ರ ಕಾಣುತ್ತಿತ್ತು. ಹೊಡೆದದ್ದು ನಾನು ಎಂದಳು. ಭಾವ ಎದ್ದು ನಿಂತು ನೋ, ನೋ ಎಂದರು, ಜಡ್ಜ್ ಅವರನ್ನು ಕೂರಿಸಿದರು. ಯಾವ ಹೆಗಲು, ಯಾವ ಜಾಕೆಟ್ಟು, ಮೊದಲು ಬಿದ್ದದ್ದು ರಾಣಿ ಗೊಂಬೆ, ಮೂಗು ಮುರಿದದ್ದು ರಾಜನದು, ಎಲ್ಲವನ್ನೂ ಅಡುಗೆ ಹೇಳಿಕೊಟ್ಟ ಹಾಗೆ ಹೇಳಿದಳು.

ಪೊಲೀಸರು ಕಾವಲಿದ್ದದ್ದು ನಿಮಗೆ ಗೊತ್ತಿತ್ತಲ್ಲವೇ ಎಂದು ವಕೀಲ ಕೇಳಿದ. ಪ್ಲಂಬರ್ ಅಂದುಕೊಂಡಿದ್ದೆ, ಊಟವಿಲ್ಲದೆ ಕೂತಿದ್ದರು, ಉಸಲಿ ಕಳಿಸಿದೆ ಎಂದಳು. ಜ್ಯೂರಿಯಲ್ಲಿದ್ದ ಮುದುಕಿಯೊಬ್ಬಳು ಅಂದು ವ್ಯಾನಿನಲ್ಲಿ ಕೂತಿದ್ದ ಆ ಇಬ್ಬರು ಪೊಲೀಸರ ಕಡೆ ತಿರುಗಿ ನೋಡಿದಳು. ಅವರು ಚಾವಣಿ ನೋಡುತ್ತಿದ್ದರು.

ವಕೀಲ ಕೊನೆಗೆ ಕೇಳಿದ, "ಇಷ್ಟೆಲ್ಲ ನಡೆಯುವಾಗ ನಿಮ್ಮ ಯಜಮಾನರು ಎಲ್ಲಿದ್ದರು?"

ನಾನು ಬೆಂಚು ಗಟ್ಟಿಯಾಗಿ ಹಿಡಿದುಕೊಂಡೆ. ಸಾಲುಸಾಲಾಗಿ ಕೂತ ನಮ್ಮವರೆಲ್ಲ ಕತ್ತು ಚಾಚಿದರು. ಭಾವ ಕಣ್ಣು ಮುಚ್ಚಿದ್ದರು.

"ಪೊಲೀಸರು ನನ್ನ ಕೈ ತಿರುಚಿದಾಗ ನಮ್ಮ ಯಜಮಾನರು ನನ್ನ ಮುಂದೆ ಬಂದು ನಿಂತರು," ಎಂದಳು ಅಕ್ಕ.

ಅದಕ್ಕೆ ಮೊದಲು ಎಲ್ಲಿದ್ದರು ಎಂದು ಕೇಳಲು ವಕೀಲನಿಗೆ ಹೊಳೆಯಲಿಲ್ಲ. ಬ್ರೆನ್ನರನನ್ನು ಮತ್ತೆ ಕರೆದು, ಪ್ರಮಾಣದ ಮೇಲೆ ಹೇಳು, ಹೊಡೆದದ್ದು ಯಾರು ಎಂದು ಮಿಸೆಸ್ ಡೋನೆಲಿ ಕೇಳಿದರು. ಅವನು ಬೂಟು ನೋಡಿಕೊಂಡು, ಆ ಹೆಂಗಸು ಎಂದ. ಭಾವ ಬಿಡುಗಡೆಯಾದರು. ಅಕ್ಕನ ಮೇಲೆ ಕೇಸು ಹಾಕುವ ಧೈರ್ಯ ಆ ಕೌಂಟಿಯಲ್ಲಿ ಯಾರಿಗೂ ಬರಲಿಲ್ಲ.

ಮನೆಗೆ ಬಂದ ಮೇಲೆ ಭಾವ ಸೂಟು ಕೂಡ ಬಿಚ್ಚದೆ ಕೂತರು. ಅವರು ಅಡಗಿಕೊಂಡದ್ದನ್ನು ನಾನು ನೋಡಿದ್ದೆ ಎಂದು ಈಗಲಾದರೂ ಹೇಳಿಯೇಬಿಡುತ್ತೇನೆ ಎಂದು ಬಾಯಿ ತೆರೆದೆ. ಅವರೇ ಮೊದಲು ಮಾತಾಡಿದರು.

"ನಾನು ಎಲ್ಲಿದ್ದೆ ಅಂತ ನಿಂಗೆ ಗೊತ್ತಿಲ್ವಾ ಸುಧಾ? ಯಾಕೆ ಹಾಗೆ ಹೇಳ್ದೆ? ನಿನ್ನನ್ನ ಅಲ್ಲಿ ಬಿಟ್ಟು ಬಚ್ಚಿಟ್ಕೊಂಡೆ ಕಣೇ ನಾನು. ದಿನಾ ಅದೇ ಕನಸು."

"ಗೊತ್ತು," ಎಂದಳು ಅಕ್ಕ. "ನನಗೆ ಹೆದರೋಕೆ ಟೈಮೇ ಸಿಗ್ಲಿಲ್ಲ ರೀ. ಗೊಂಬೆ ಬಿತ್ತು, ಕೈ ಎದ್ದೋಯ್ತು. ನೀವು ಒಳಗೆ ನಿಂತು ಚೆನ್ನಾಗಿ ಹೆದರಿದ್ರಿ. ಆ ಕ್ಲೋಸೆಟ್ ಬಾಗಿಲನ್ನ ಪೊಲೀಸರು ಯಾರೂ ತೆಗೀಲಿಲ್ಲ. ನೀವೇ ತೆಗೆದ್ರಿ."

ಭಾವ ಮುಖ ಮುಚ್ಚಿಕೊಂಡು ಜೋರಾಗಿ ಅತ್ತರು. ಆರಡಿ ಮನುಷ್ಯ ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ತಿಂಗಳುಗಟ್ಟಲೆ ಕೂಡಿಟ್ಟುಕೊಂಡಿದ್ದ ಮಾತನ್ನೆಲ್ಲ ನುಂಗಿಕೊಂಡು, "ಕಾಫಿ ಮಾಡ್ಲಾ ಭಾವ?" ಎಂದೆ.