ಗಂಗುಬಾಯಿಯ ಹೆಸರಿನ ಚೀಟಿ

ನನ್ನ ಅಕ್ಷರ ಕಂಡು ನನಗೇ ಹೇಸಿಗೆಯಾದದ್ದು ಜೀವಮಾನದಲ್ಲಿ ಒಂದೇ ಸಲ. ಅದೂ ಎಳ್ಳಮಾವಾಸ್ಯೆಯ ದಿನ, ನಮ್ಮಪ್ಪನ ಹೊಲದಲ್ಲಿ, ಭೂಮಿತಾಯಿಗೆ ಚರಗದ ಎಡೆ ಚೆಲ್ಲಿದ ಕೈ ಇನ್ನೂ ಒಣಗಿರದ ಹೊತ್ತಿನಲ್ಲಿ.

ಭಾಲ್ಕಿ ತಾಲೂಕಿನ ಸಾಲಿಗಳಲ್ಲಿ ಮೂವತ್ತು ವರ್ಷ ಮಕ್ಕಳ ಕೈ ಹಿಡಿದು ತಿದ್ದಿಸಿದವಳು ನಾನು. ಈಗ ಬೀದರಿನ ಚಿದ್ರಿಯಲ್ಲಿ ಒಂದು ಸಣ್ಣ ಮನೆ, ಮುಂಜಾನೆ ಲಿಂಗಪೂಜೆ, ಹಗಲಿಗೆ ಒಂದಿಷ್ಟು ಓದು. ಶಿವಕಾಂತಾ ಬಾಯಾರ ಅಕ್ಷರ ಅಂದರೆ ಮುತ್ತು ಪೋಣಿಸಿದ ಹಾಗೆ ಎಂದು ನಮ್ಮೂರು ಖಟಕ ಚಿಂಚೋಳಿಯ ಜನ ಇವತ್ತಿಗೂ ಅನ್ನುತ್ತಾರೆ. ಅಲ್ಲಿ ಯಾರಿಗೆ ರೇಷನ್ ಕಾರ್ಡಿನ ಅರ್ಜಿ ಬೇಕಾದರೂ, ಪಿಂಚಣಿಯ ಕಾಗದ ಬೇಕಾದರೂ ನನ್ನ ಕೈಯೇ ಆಗಬೇಕಿತ್ತು. ಹೊಗಳಿಕೆ ಕೇಳಿ ಕೇಳಿ ನನಗೂ ಒಳಗೊಳಗೇ ಸೊಕ್ಕು ಬೆಳೆದಿತ್ತೇನೋ. ಶಿವ ಅದನ್ನು ಹೇಗೆ ಇಳಿಸಿದ ಅಂತ ಹೇಳುತ್ತೇನೆ.

ಹಬ್ಬ ನಾಲ್ಕು ದಿನ ಇದೆ ಅನ್ನುವಾಗ ತಮ್ಮ ಓಂಪ್ರಕಾಶ ಬಂದ. ಕೊಳಾರದಲ್ಲಿ ಅವನದೊಂದು ಗೋದಾಮಿದೆ. ಊರಿನ ಹೊಲವೂ ಈಗ ಅವನ ಕೈಯಲ್ಲೇ.

“ಅಕ್ಕಾ, ಈ ಸಲ ಎಳ್ಳಮಾಸಿಗಿ ಔರಾದದ ಮಂದಿ ಬರ್ಲತ್ತಾರ. ನಮ್ಮ ಶಿವಾನೀನ ನೋಡಿ ಹೋಗ್ಯಾರಲ್ಲ, ಅವರೇ. ಹೊಲದಾಗೇ ಮಾತು ಪಕ್ಕಾ ಆಗ್ತದ.”

“ಛಲೋ ಆಯ್ತು. ಬರ್ಲಿ. ನಾಲ್ಕು ರೊಟ್ಟಿ ಹೆಚ್ಚಿಗಿ ಬಡದ್ರಾಯ್ತು.”

“ಹಂಗಲ್ಲ. ಅಂಥವರಿಗಿ ನೆಲದ ಮ್ಯಾಲ ಕೂಡ್ಸೋದು ಛಂದ ಕಾಣಂಗಿಲ್ಲ. ಮೇಜು, ಖುರ್ಚಿ ತರಸ್ಲತೀನಿ. ಒಬ್ಬೊಬ್ಬರ ತಾಟಿನ ಮುಂದ ಅವರವರ ಹೆಸರಿನ ಚೀಟಿ ಇಡೋದು. ಶಿವಾನಿ ಮೊಬೈಲ್‌ದಾಗ ತೋರಿಸ್ಯಾಳ. ನಿನ್ನ ಕೈಲೇ ಬರಿಬೇಕು ನೋಡು. ಅಂಗಡ್ಯಾಗ ಛಾಪಿಸಿದ್ದಕ್ಕ ಅಂಥಾ ಇಜ್ಜತ್ ಇರಂಗಿಲ್ಲ.”

ಎಳ್ಳಮಾವಾಸ್ಯೆಗೆ ಹೆಸರಿನ ಚೀಟಿ! ನಮ್ಮ ಕಡೆ ಆ ದಿನ ದಾರಿಯಲ್ಲಿ ಹೋಗುವವರನ್ನೂ ಹೊಲಕ್ಕೆ ಕೂಗಿ ಕರೆಯುತ್ತಾರೆ. ಉಣ್ಣುವವನ ಹೆಸರು ಕೇಳುವುದೇ ತಪ್ಪು. ನನಗೆ ನಗು ಬಂತು. ಆದರೂ ನನ್ನ ಅಕ್ಷರ ಕೇಳಿಕೊಂಡು ಬಂದಿದ್ದಾನಲ್ಲ, ಹೂಂ ಅಂದೆ.

ಮರುದಿನ ಅವನ ಮಗಳು ಶಿವಾನಿ ಬಂದು ಕುಳಿತಳು. ಪೆಟ್ಟಿಗೆಯಲ್ಲಿ ಕೂಡಿಟ್ಟ ಹಳೆಯ ಲಗ್ನಪತ್ರಿಕೆಗಳ ಖಾಲಿ ಬೆನ್ನು ಕತ್ತರಿಸಿದೆವು. ಅರಿಶಿಣದ ನೀರು ಬಳಿದು, ನೆರಳಲ್ಲಿ ಆರಿಸಿ, ನಡುವೆ ಮಡಚಿದರೆ ಪುಟ್ಟ ಗುಡಿಸಲಿನ ಹಾಗೆ ತಾವೇ ನಿಂತವು. ಮೈದಾ ಹಿಟ್ಟು ಕಾಯಿಸಿ ಅಂಟು ಮಾಡಿದೆ. ಮೂಲೆಗೊಂದು ಹೂವು, ಐದೈದು ಜೋಳದ ಕಾಳಿನದು. ಶಿವಾನಿ ಕಾಳು ಅಂಟಿಸುತ್ತ, ನಾನು ದಪ್ಪ ನಿಬ್ಬಿನ ಪೆನ್ನಿನಲ್ಲಿ ಹೆಸರು ಬರೆಯುತ್ತ ಕುಳಿತರೆ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಓಂಪ್ರಕಾಶ ಕೊಟ್ಟ ಯಾದಿ ಮುಗಿಯಿತು. ಗಂಗುಬಾಯಿಯ ಹೆಸರು ಇರಲಿಲ್ಲ.

ಗಂಗುಬಾಯಿ ಕುರಿ ಸಾಕುವ ಮನೆಯವಳು. ಬೇಸಿಗೆಯಲ್ಲಿ ರಾಶಿ ಮುಗಿದ ಮೇಲೆ ಅವಳ ಕುರಿಗಳು ರಾತ್ರಿಯೆಲ್ಲ ನಮ್ಮ ಹೊಲದಲ್ಲಿ ನಿಲ್ಲುತ್ತವೆ. ಆ ಹಿಕ್ಕೆ, ಆ ಗಂಜಲವೇ ನಮ್ಮ ಜೋಳಕ್ಕೆ ಅನ್ನ. ಅವಳ ಗಂಡ ತೀರಿದ ವರ್ಷ, ಇನ್ನು ಇವಳು ನಮ್ಮ ಹೊಲಕ್ಕೆ ಬರುತ್ತಾಳೋ ಇಲ್ಲವೋ ಎಂದು ಅಪ್ಪ ತಾನೇ ಅವಳ ಬಿಡಾರಕ್ಕೆ ಹೋಗಿದ್ದ. “ತಂಗಿ, ಈ ಹೊಲ ನಮ್ಮ ಮನ್ಯಾಗ ಇರೋ ತನಕ ಎಳ್ಳಮಾಸಿಗಿ ಮೊದಲ ಎಲಿ ನಿಂದು. ನೆಲದ ಹೊಟ್ಟಿ ತುಂಬಿಸಿದಾಕಿ ನೀ” ಎಂದು ಮಾತು ಕೊಟ್ಟು ಬಂದ. ಅಂದಿನಿಂದ ಅವಳಿಗೆ ಬಡಿಸದೆ ನಮ್ಮ ಮನೆಯವರು ತುತ್ತು ಎತ್ತಿದ್ದಿಲ್ಲ.

ನಾನು ತಮ್ಮನಿಗೆ ಫೋನು ಹಚ್ಚಿ ಅವಳ ಹೆಸರು ಎಲ್ಲಿ ಎಂದು ಕೇಳಿದೆ.

“ಆಕಿಗಿ ಚೀಟಿ ಯಾಕಕ್ಕ? ಆಕಿಗಿ ಓದ್ಲಿಕ್ಕಿ ಬರ್ತದೇನು?”

“ನಿನ್ನ ಬೀಗರಿಗಿ ತಮ್ಮ ಹೆಸರು ಮರ್ತು ಹೋಗ್ಯದೇನು, ಬರದು ಮುಂದಿಡ್ಲಿಕ್ಕಿ?”

ಅವನು ನಕ್ಕ. “ಆಯ್ತು ತಗೋ. ಆಕೀದೂ ಒಂದು ಬರಿ” ಅಂದ.

ಅಷ್ಟು ಸಲೀಸಾಗಿ ಒಪ್ಪಿದಾಗಲೇ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ಅವಳ ಚೀಟಿಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡೆ. ಜೋಳದ ಹೂವು ಒಂದರ ಬದಲು ಎರಡು ಅಂಟಿಸಿದೆ.

ಹಬ್ಬದ ದಿನ ಹುಣಸೆ ಮರದ ಕೆಳಗೆ ಉದ್ದಕ್ಕೆ ಮೇಜು ಹಾಕಿ ಬಿಳಿ ಬಟ್ಟೆ ಹಾಸಿದ್ದರು. ಸುತ್ತ ಎದೆಯೆತ್ತರ ಜೋಳ, ಕಪ್ಪನೆಯಂಥ ಹಸಿರು. ದಂಟಿನ ಗುಡಿಸಲಲ್ಲಿ ಲಕ್ಷ್ಮಿಯ ಪೂಜೆಯಾಯಿತು. ಚರಗ ಚೆಲ್ಲಿ ಬರುವಷ್ಟರಲ್ಲಿ ಔರಾದದವರ ಎರಡು ಗಾಡಿ ಬಂದು ನಿಂತವು. ಇಳಿಯುತ್ತಲೇ ಬೀಗರು, “ಏನ್ ಬೆಳಿ ಸಾಹೇಬ್ರ! ಏನ್ ಗೊಬ್ಬರ ಹಾಕ್ತೀರಿ?” ಅಂದರು. ಓಂಪ್ರಕಾಶ, “ಎಲ್ಲಾ ದೇವರ ಕೃಪಾ ರೀ” ಅಂದ. ಕುರಿ ಎನ್ನುವ ಎರಡಕ್ಷರ ಅವನ ಬಾಯಿಂದ ಹೊರಡಲಿಲ್ಲ.

ಆಗಲೇ ಗಂಗುಬಾಯಿ ಬದುವಿನ ಮೇಲೆ ಬಂದಳು. ಒಗೆದ ಸೀರೆ, ಹಣೆತುಂಬ ವಿಭೂತಿ, ಕೈಯಲ್ಲಿ ಪ್ರತಿ ವರ್ಷದಂತೆ ಒಂದು ಗಡಿಗೆ ಬೆಣ್ಣೆ. ತಮ್ಮ ಓಡಿಹೋಗಿ ಮೊದಲು ಬೆಣ್ಣೆಯ ಗಡಿಗೆ ಇಸಿದುಕೊಂಡ. ಆಮೇಲೆ, “ಬಾ ಗಂಗುಬಾಯಿ, ನಿನಗ ಈ ಸಲ ಬ್ಯಾರೇನೇ ಇಂತಜಾಮ್ ಮಾಡೀನಿ” ಎಂದು ಅವಳನ್ನು ನೀರಿನ ಪಂಪು ಇಟ್ಟ ಮೋಟರ್ ಖೋಲಿಯ ಹಿಂದಕ್ಕೆ ಕರೆದುಕೊಂಡು ಹೋದ.

ನಾನು ಸೊಪ್ಪು ಕಾಳು ಕೂಡಿಸಿ ಬೇಯಿಸಿದ ಭಜ್ಜಿಯ ಪಾತೆಲೆ ಹೊತ್ತು ಅದೇ ದಾರಿಯಲ್ಲಿ ಬರುತ್ತಿದ್ದೆ. ಖೋಲಿಯ ಹಿಂದೆ ಎಣ್ಣೆ ಸೋರಿದ ನೆಲ, ಕೊಳೆತ ಗೋಣಿಚೀಲ, ಔಷಧಿ ಹೊಡೆದು ಬಿಸುಟ ಡಬ್ಬಿಗಳು. ಒಂದು ಡಬ್ಬಿಯನ್ನು ಬೋರಲು ಹಾಕಿ ಅದರ ಮೇಲೆ ನನ್ನ ಚೀಟಿ ನಿಲ್ಲಿಸಿದ್ದ. ಅರಿಶಿಣ ಬಣ್ಣ, ಎರಡು ಹೂವು, ಮುತ್ತಿನಂಥ ಅಕ್ಷರ.

“ಗಂ-ಗು-ಬಾ-ಯಿ” ಎಂದು ಬೆರಳಿಟ್ಟು ಓದಿ ತೋರಿಸಿದ. “ನಿಂದೇ ಹೆಸರು. ಅಕ್ಕ ಬರದಾಳ. ಇದು ನಿನ್ನ ಜಾಗಾ. ಕೂಡು.”

ಅವಳು ಚೀಟಿ ನೋಡಿದಳು. ನನ್ನ ಮುಖ ನೋಡಿದಳು. ಸೆರಗು ಒಟ್ಟು ಮಾಡಿಕೊಂಡು ಆ ಗೋಣಿಚೀಲದ ಮೇಲೆ ಕುಳಿತಳು.

ತಮ್ಮನ ತೋಳು ಹಿಡಿದು ಆಚೆ ಎಳೆದೆ. “ಏನೋ ಇದು, ಹೇಸಿ ಕೆಲಸ?”

“ಚೀಟಿ ಇಡು ಅಂದಿ. ಇಟ್ಟೀನಿ.”

“ಮೊದಲ ಎಲಿ ಆಕೀದು. ಅಪ್ಪ ಮಾತು ಕೊಟ್ಟಾನ.”

“ಅಪ್ಪನ ಕಾಲದಾಗ ಎಲ್ಲಾರ ಮೈಗೂ ಕುರಿ ವಾಸನಿ ಇತ್ತು, ನಡೀತು. ಇವತ್ತು ಬೀಗ್ತಿ ಮೂಗು ಮುಚ್ಕೊಂಡ್ರ ನಿನ್ನ ಸೊಸಿ ಗತಿ ಏನು? ಒಂದು ತಾಸಿನ ಮಾತು. ನಿನ್ನ ಕಾಲಿಗಿ ಬೀಳ್ತೇನಿ ಅಕ್ಕಾ, ಸುಮ್ನಿರು.”

ಚೀಟಿ ಇಲ್ಲದಿದ್ದರೆ ಅವಳು ಎಂದಿನಂತೆ ನೇರ ಬಂದು ಪಂಕ್ತಿಯ ಮೊದಲ ಎಲೆಗೆ ಕೂಡುತ್ತಿದ್ದಳು. ಏಳು ಅನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಅವಳನ್ನು ಎಬ್ಬಿಸಲು ಬೇಕಾದ ಕಾಗದವನ್ನು ನಾನೇ ಬಣ್ಣ ಬಳಿದು ಮಾಡಿಕೊಟ್ಟಿದ್ದೆ. ಇದು ಗೊತ್ತಾದ ಮೇಲೂ, ಶಿವನಾಣೆ, ನಾನು ಸುಮ್ಮನಿದ್ದೆ. ಶಿವಾನಿಯ ಮುಖ ಕಣ್ಣೆದುರು ಬಂತು, ಪಾತೆಲೆ ಹೊತ್ತು ಮೇಜಿನ ಕಡೆ ನಡೆದೆ.

ಮೇಜಿನ ಮೇಲೆ ಊಟ ಸುರುವಾಯಿತು. ಪ್ರಸಾದ ಎಂದು ಕಣ್ಣಿಗೊತ್ತಿಕೊಂಡು ಉಣ್ಣುವ ಅನ್ನವನ್ನು ಅಷ್ಟು ಕೆಡಿಸಿದ್ದನ್ನು ನಾನು ಕಂಡಿರಲಿಲ್ಲ. ಸಜ್ಜೆ ರೊಟ್ಟಿಯ ನಡುಭಾಗ ಮುರಿದು ಅಂಚು ಎಸೆದರು. ಭಜ್ಜಿಯಲ್ಲಿನ ಶೇಂಗಾ ಮಾತ್ರ ಹೆಕ್ಕಿ ತಿಂದು ಸೊಪ್ಪನ್ನು ತಾಟಿನ ದಂಡೆಗೆ ಸರಿಸಿದರು. ಬೆಣ್ಣೆಗೆ ಮಾತ್ರ ಎಲ್ಲರ ಕೈ. “ವ್ಹಾ, ಬೀದರ್‌ದಾಗ ಇಂಥಾದ್ದು ಎಲ್ಲಿ ಸಿಗ್ತದ್ರಿ” ಎನ್ನುತ್ತ ಬೀಗರ ತಮ್ಮ ಬೆರಳು ನೆಕ್ಕಿದ; ನೆಕ್ಕಿದ ಬೆರಳನ್ನೇ ಮತ್ತೆ ಗಡಿಗೆಗೆ ಹಾಕಿದ. ಉಂಡಾದ ಮೇಲೆ ತನ್ನ ಹೆಸರಿನ ಚೀಟಿಯ ಮೂಲೆ ಹರಿದು, ಸುರುಳಿ ಸುತ್ತಿ ಹಲ್ಲು ಕೆದಕಿದ. ಹಲ್ಲಿನಿಂದ ಬಂದದ್ದನ್ನು ಮೂಸಿ ನೋಡಿ ಬಿಳಿ ಬಟ್ಟೆಗೆ ಒರೆಸಿದ. ಗುಟ್ಕಾದ ಪುಡಿ ಬಾಯಿಗೆ ಸುರಿದುಕೊಂಡು, ಕುಳಿತಲ್ಲಿಂದಲೇ ಕತ್ತು ಹೊರಳಿಸಿ ಜೋಳದ ಸಾಲಿಗೆ ಉಗಿದ. ಸ್ವಲ್ಪ ಹೊತ್ತಿನ ಹಿಂದೆ ನಾನು ಚರಗ ಚೆಲ್ಲಿದ ಸಾಲು ಅದು.

ನನಗೆ ಕುರಿಯ ವಾಸನೆ ಎಂಥ ಪವಿತ್ರದ್ದು ಅನ್ನಿಸಿತು.

ಗಂಗುಬಾಯಿಗೆ ಇನ್ನೂ ಯಾರೂ ಬಡಿಸಿರಲಿಲ್ಲ. ಪಾತೆಲೆ ನೋಡಿದರೆ ತಳ ಕಾಣುತ್ತಿತ್ತು. ಓಂಪ್ರಕಾಶ ಮೇಜಿನ ಮೇಲೆ ಕಣ್ಣಾಡಿಸಿದ. ಆ ಹಲ್ಲು ಕೆದಕಿದವನ ತಾಟಿನಿಂದ ಒಂದು ರೊಟ್ಟಿ, ಅರ್ಧ ಕಡುಬು ಎತ್ತಿ ಬೇರೆ ತಾಟಿಗಿಟ್ಟು ನನ್ನ ಕೈಗೆ ಕೊಟ್ಟ.

“ಮುಟ್ಟೇ ಇಲ್ಲ ನೋಡಕ್ಕ, ಬರಾಬರ್ ಅದ. ಆಕಿಗಿ ಕೊಟ್ಟು ಬಾ.”

ರೊಟ್ಟಿಯ ಮೇಲೆ ಗುಟ್ಕಾ ಹತ್ತಿದ ಹೆಬ್ಬೆಟ್ಟಿನ ಕೆಂಪು ಗುರುತಿತ್ತು. ಎಂಜಲು ಇನ್ನೂ ಹಸಿ.

ತಾಟನ್ನು ಬೀಗರ ಮುಂದೆಯೇ ಮೇಜಿನ ನಡುವೆ ಇಟ್ಟೆ. “ಇದು ನಿನ್ನ ಬೀಗರ ಎಂಜಲ. ನೀ ಉಣ್ಣು. ನಾ ಒಯ್ಯಂಗಿಲ್ಲ” ಅಂದೆ. ದನಿ ಏರಿಸಲಿಲ್ಲ. ಆದರೂ ಖುರ್ಚಿಗಳ ಸದ್ದು ನಿಂತಿತು. ಶಿವಾನಿ ನೆಲ ನೋಡುತ್ತ ನಿಂತಳು. ತಮ್ಮನ ಮುಖ ಸುಣ್ಣದ ಗೋಡೆಯಾಯಿತು.

ನಾನು ಬರಿಗೈಯಲ್ಲಿ ಮೋಟರ್ ಖೋಲಿಯ ಹಿಂದಕ್ಕೆ ಹೋದೆ.

“ಏಳು ಗಂಗುಬಾಯಿ. ಇದು ನಿನ್ನ ಜಾಗಾ ಅಲ್ಲ. ನನ್ನ ಖುರ್ಚಿ ಮ್ಯಾಲ ಬಂದು ಕೂಡು. ಹೊಸ ರೊಟ್ಟಿ ಬಡೀತೇನಿ.”

“ಗೊತ್ತದರಿ ಬಾಯಾರ, ನನ್ನ ಜಾಗಾ ಅಲ್ಲಂತ” ಅಂದಳು ಅವಳು, ಕೂತಲ್ಲಿಂದಲೇ. “ಅಕ್ಷರ ಓದ್ಲಿಕ್ಕಿ ಬರಂಗಿಲ್ಲ, ಜಾಗಾ ಓದ್ಲಿಕ್ಕಿ ಬರ್ತದ.”

“ಮತ್ಯಾಕ ಕೂತಿ ಮಾರಾಯ್ತಿ?”

“ನೀವು ಬರದೀರಿ ಅಂತ ಕೂತೆ. ನನ್ನ ಪಿಂಚಣಿ ಕಾಗದ ನೀವೇ ಬರದ್ರಿ, ಗಂಡ ಸತ್ತ ಕಾಗದ ನೀವೇ ಬರದ್ರಿ. ಬಾಯಾರ ಕೈ ಸುಳ್ಳು ಬರಿಯಂಗಿಲ್ಲ. ಇಲ್ಲೇ ಕೂಡು ಅಂತ ಅವರೇ ಬರದಾರಂದ್ರ ಕೂಡ್ಬೇಕಲ್ಲ.”

ನಾನು ಬರೆದದ್ದು ಹೆಸರು ಮಾತ್ರ, ಜಾಗ ನನ್ನದಲ್ಲ ಅನ್ನಬಹುದಿತ್ತು. ಒಂದು ತಾಸು ಸುಮ್ಮನಿದ್ದವಳ ಬಾಯಲ್ಲಿ ಆ ಮಾತು ಎಲ್ಲಿಂದ ಬರಬೇಕು? ಡಬ್ಬಿಯ ಮೇಲಿನ ಚೀಟಿ ತೆಗೆದು ಹರಿದೆ. ಹರಿದ ಚೂರುಗಳೂ ಕೈಯಲ್ಲಿ ಹೊಲಸಿನ ಹಾಗೆ ಅನ್ನಿಸಿದವು.

“ಈಗರೆ ಬಾ. ಮೇಜಿಗಿ.”

“ಒಲ್ಲೆರಿ. ಈ ಖೋಲಿ ಮೂಲಿಯಿಂದ ಎಲ್ಲಾ ನೋಡೀನಿ. ಆ ಮೇಜಿನ ಮ್ಯಾಲ ನನ್ನ ನಾಯಿನೂ ಉಣ್ಣಂಗಿಲ್ಲ.” ಮಂಡಿಗೆ ಕೈ ಕೊಟ್ಟು ಎದ್ದು ಸೀರೆ ಜಾಡಿಸಿದಳು. “ಎಳ್ಳಮಾಸಿ ದಿನ ಉಪಾಸ ಹೋಗಬಾರ್ದು. ಬದು ದಾಟಿದ್ರ ಗೌಸೋದ್ದೀನನ ಹೊಲ ಅದ.”

ಓಂಪ್ರಕಾಶ ಓಡುತ್ತ ಬಂದ. ಬೀಗರ ಚಿಂತೆಯ ನಡುವೆಯೂ ಅವನಿಗೆ ಹೊಲ ನೆನಪಾಗಿತ್ತು. “ಗಂಗುಬಾಯಿ, ಸಿಟ್ಟಾಗಬ್ಯಾಡ. ಬೇಸಿಗ್ಯಾಗ ಕುರಿ ಮಾತ್ರ ನಮ್ಮ ಹೊಲದಾಗೇ ನಿಂದ್ರಸಬೇಕು.”

ಅವಳು ತಿರುಗಿ ನೋಡಿದಳು. “ಎಲ್ಲಿ ನಿಂದ್ರಬೇಕಂತ ಒಂದೊಂದು ಕುರಿಗೂ ಚೀಟಿ ಬರಸಿಡು ಸಾವಕಾರ. ಓದ್ಕೋತ ಬರ್ತಾವು.”

ಜೋಳದೊಳಗೆ ದಾರಿ ಮಾಡಿಕೊಂಡು ಹೋದಳು. ನಾನೂ ಹಿಂದೆ ನಡೆದೆ. ಬೀಗರು ಕುಳಿತಲ್ಲಿಂದ, “ಬಾಯಾರ, ಎಲ್ಲಿ ಹೊಂಟ್ರಿ?” ಅಂದರು. ತಿರುಗಿ ನೋಡದೆ ಬದು ದಾಟಿದೆ.

ಗೌಸೋದ್ದೀನನ ಹೊಲದಲ್ಲೂ ಅದೇ ಹಬ್ಬ, ಅದೇ ಭಜ್ಜಿ. ನೆಲಕ್ಕೆ ತಾಡಪತ್ರಿ ಹಾಸಿ ಯಾರ್ಯಾರೋ ಕುಳಿತಿದ್ದರು. ಅರ್ಧ ಜನ ಅವನಿಗೂ ಗುರುತಿದ್ದವರಲ್ಲ. ಅವನ ಹೆಂಡತಿ ಖುರ್ಷಿದ ಬೇಗಂ ದೂರದಿಂದಲೇ ಕೂಗಿದಳು: “ಬರ್ರಿ ಬರ್ರಿ, ಯವ್ವಾ ಈಕಡಿ ಸರಿ, ಜಾಗಾ ಮಾಡು.” ಗಂಗುಬಾಯಿಗೆ ಜಾಗ ಆಯಿತು. ನನಗೂ ಕೈ ಮಾಡಿದಳು.

“ನಾ ಆಮ್ಯಾಲ ಉಣ್ತೇನಿ ಬೇಗಂ. ಆ ಪಾತೆಲಿ ಇಲ್ಲಿ ಕೊಡು. ನಾ ನೀಡ್ತೇನಿ.”

ಅವಳು ಯಾಕೆ ಎಂದು ಕೇಳದೆ ಸೌಟು ಕೊಟ್ಟಳು. ನಾನು ಗಂಗುಬಾಯಿಯ ಮುಂದೆ ಬಂದು ಬಗ್ಗಿದೆ. ಅವಳು ನನ್ನ ಸೌಟನ್ನು ನೋಡಿದಳು, ಕೈಯನ್ನು ನೋಡಿದಳು. ತಾಟು ತೊಡೆಯ ಮೇಲೆಯೇ ಇತ್ತು. ಪಕ್ಕದವರು ಉಣ್ಣತೊಡಗಿದ್ದರು. ನಾನು ಬಗ್ಗಿದ ಬೆನ್ನು ಎತ್ತಲಿಲ್ಲ. ತಾಯಿ ಭೂಮಿದೇವಿ, ಈ ಕೈಯಿಂದ ಒಂದು ತುತ್ತು ಇಸಿದುಕೊಳ್ಳಲಿ ಎಂದು ಬೇಡಿಕೊಂಡೆ.

ಬಹಳ ಹೊತ್ತಿನ ಮೇಲೆ, ಮುಖ ಎತ್ತದೆಯೇ, ಅವಳು ತಾಟನ್ನು ನಾಲ್ಕು ಬೆರಳಿನಷ್ಟು ಮುಂದೆ ಸರಿಸಿದಳು.