ಹದಿನಾಲ್ಕನೆಯ ಚಿತ್ರ

ರಾಯಚೂರಿನ ಬಯಲು ನಿಸರ್ಗ ಬಳಗದ ಇತಿಹಾಸದಲ್ಲಿ ಚಿತ್ರ ಬದಲಿಸುವ ರಿಮೋಟಿನ ಸೆಲ್ಲಿನಷ್ಟು ಗಹನವಾದ ವಿಷಯ ಇನ್ನೊಂದು ಚರ್ಚೆಗೆ ಬಂದಿರಲಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ಅರ್ಧ ತಾಸು, ಮಾನ್ವಿ ಬರುವವರೆಗೂ ಮತ್ತೆ ಅದೇ — ಹೊಸಾವು ತಗೊಳ್ಳೋಣ್ರಿ ಸರ ಎಂದು ಕಾರ್ಯದರ್ಶಿ ರೇವಣಸಿದ್ದ, ನೋಡೀನಿ, ಇವೇ ನಡೀತಾವ, ಸುಮ್ನಿರು ಎಂದು ಪ್ರಭುರಾಜ, ಹಾವಿನ ವಿಷಯದಲ್ಲಿ ಹೇಗೋ ಸೆಲ್ಲಿನ ವಿಷಯದಲ್ಲೂ ಹಾಗೇ, ಬಳಗದಲ್ಲಿ ಅವನು ಹೇಳಿದ್ದೇ ಕೊನೆ, ಈಗ ಮಾನ್ವಿಯ ಕಾಲೇಜು ಹಾಲಿನಲ್ಲಿ ಆ ರಿಮೋಟು ಅವನ ಕೈಯಲ್ಲಿದೆ, ಪರದೆಯ ಮೇಲೆ ಕೇರೆ ಹಾವು, ಎಂಟನೆಯ ಚಿತ್ರ, ಇದು ರೈತರ ದೋಸ್ತ್ ರೀ, ಇಲಿ ತಿಂತದ, ಹೊಡೀಬ್ಯಾಡ್ರಿ, ಬಾಯಿ ತನ್ನಷ್ಟಕ್ಕೆ ಹೇಳಿಕೊಂಡು ಹೋಗುತ್ತಿದೆ, ಅದಕ್ಕೆ ಹನ್ನೊಂದು ವರ್ಷದ ರೂಢಿ, ಕಣ್ಣು ಮಾತ್ರ ಮೂರನೆಯ ಸಾಲಿಗೆ ಹೋಗಿ ಹೋಗಿ ಬರುತ್ತದೆ, ಹದಿನೈದು ದಿನದ ಗಡ್ಡ, ಮಡಿಲಲ್ಲಿ ಫೋನು, ದೇವದುರ್ಗ ಕಡೆಯ ವೆಂಕಣ್ಣ, ಉಪನ್ಯಾಸ ಇದೆ ಎಂದು ತಿಳಿದು ಎರಡು ಬಸ್ಸು ಬದಲಿಸಿ ಬಂದಿದ್ದಾನೆ, ಬಾಗಿಲಲ್ಲೇ ಕೈ ಹಿಡಿದುಕೊಂಡ, ಸರ, ನನ್ನ ಹೆಣ್ತಿ ರಾಧಾ ಹೋಗ್ಬಿಟ್ಳುರೀ — ಯಾವಾಗ, ಏನಾಗಿತ್ತು ಎಂದು ಕೇಳಬಾರದಿತ್ತು, ಕೇಳಿದ — ನಾ ನಿಮಗ ಫೋಟೋ ಕಳಿಸಿದ ದಿನಾನೇ ರೀ, ಮುಂಜಾನಿ ಹೊಟ್ಟಿ ಹಿಂಡಾಕತ್ತದ ಅಂದ್ಳು, ದವಾಖಾನ್ಯಾಗ ಹಾವು ಗೀವು ಮುಟ್ಟ್ಯದೇನು ಅಂತ ಕೇಳಿದ್ರು, ಹಾಸಿಗಿ ಹತ್ರ ಒಂದು ಇತ್ತುರೀ, ಆದ್ರ ವಿಷದ್ದಲ್ಲ, ನಮ್ಮ ಸರ ಹೇಳ್ಯಾರ ಅಂತ ನಿಮ್ಮ ಮೆಸೇಜೇ ತೋರಿಸೀನಿ, ಹೊಟ್ಟಿಗೆ ಗುಳಿಗಿ ಕೊಟ್ರು, ಮನಿಗೆ ಬಂದ ಮ್ಯಾಲ ಕಣ್ಣರೆಪ್ಪಿ ಎತ್ತಾಕ ಆಗವಲ್ದು ಅಂದ್ಳು, ಮಧ್ಯಾಹ್ನದಾಗ ಉಸಿರು ನಿಂತ್ತು, ಮಂದಿ ಹಾವು ಕಡದದ ಅಂತಾರ, ನಾ ಬೈತೀನ್ರೀ, ನಮ್ಮ ಸರಗಿಂತ ಶಾಣ್ಯಾರೇನು ನೀವು ಅಂತ.

ಒಂಬತ್ತು, ಹತ್ತು, ಹೆಬ್ಬಾವು ಬಂತು, ಹುಡುಗಿಯರು ಹೋ ಎಂದರು, ಹೊಡೀಬ್ಯಾಡ್ರಿ, ದೂರ ನಿಂತು ಫೋಟೋ ತಗೀರಿ, ನನಗ ಕಳಸ್ರಿ ಎಂದು ದೇವದುರ್ಗದ ಉಪನ್ಯಾಸದಲ್ಲಿ ಬೋರ್ಡಿನ ಮೇಲೆ ನಂಬರು ಬರೆದವನು ತಾನೇ, ಬರೆದುಕೊಂಡವರು ಬಹಳ ಮಂದಿ, ಹೇಳಿದ್ದನ್ನು ಹೇಳಿದ ಹಾಗೆ ಮಾಡಿದವನು ಇವನೊಬ್ಬ, ಫೋಟೋ ಬಂದಾಗ ಪ್ರಭುರಾಜ ಹಲ್ಲುಜ್ಜುತ್ತಿದ್ದ, ಬ್ರಷ್ಷು ಬಾಯಲ್ಲೇ ಇತ್ತು, ಹಾಸಿಗೆ ಪಕ್ಕ ಭತ್ತದ ಚೀಲ, ಚೀಲದಡಿ ಹೊಕ್ಕ ತಲೆ, ಹೊರಗುಳಿದ ಕರಿ ಬಾಲ, ಬಾಲದ ತುದಿಯವರೆಗೂ ಬಿಳಿ ಗೆರೆ, ತೋಳಹಾವು, ವಿಷ ಇಲ್ಲ, ಹೆದರಬ್ಯಾಡ್ರಿ ಎಂದು ಒಂದೇ ಬೆರಳಿನಲ್ಲಿ ಒತ್ತಿ ಕಳಿಸಿ ಬಾಯಿ ಮುಕ್ಕಳಿಸಿದ — ತೋಳಹಾವಿನ ಬಿಳಿ ಗೆರೆ ಕುತ್ತಿಗೆಯಿಂದ ಶುರುವಾಗಿ ಬಾಲದ ಕಡೆ ಅಳಿಸಿಹೋಗುತ್ತದೆ, ತುದಿಯವರೆಗೂ ಎದ್ದು ಕಾಣುವುದು ವಿಷದ ಕಟ್ಟುಹಾವಿನದು, ಅದು ಕಡಿದರೆ ನೋವಿಲ್ಲ, ಗಾಯ ಕಾಣದು, ಹೊಟ್ಟೆ ಹಿಂಡುತ್ತದೆ, ರೆಪ್ಪೆ ಬೀಳುತ್ತದೆ, ಬಾಲ ನೋಡ್ರಿ, ಮೊದಲು ಬಾಲ ನೋಡ್ರಿ ಎಂದು ಹನ್ನೊಂದು ವರ್ಷ ಊರೂರಿಗೆ ಹೇಳಿದ್ದು, ಹದಿನಾಲ್ಕನೆಯ ಚಿತ್ರ ಅದೇ, ಎರಡು ಹಾವೂ ಅಕ್ಕಪಕ್ಕ, ಬಾಲಕ್ಕೆ ಕೆಂಪು ಬಾಣ, ತನ್ನ ಕೈಯಾರೆ ಹಾಕಿದ್ದು, ಹನ್ನೆರಡು, ಎರಡು ಸಾರಿ ಒತ್ತಿದರೆ ಆಯಿತು, ಹದಿಮೂರರಿಂದ ನೇರ ಹದಿನೈದಕ್ಕೆ, ಎಣಿಸುವವರು ಯಾರು, ಹಿಂದಿನ ಸಾಲುಗಳಲ್ಲಿ ನಾಟಿ ಹಚ್ಚಿ ಬಂದು ನೆಲದ ಮೇಲೆ ಮಲಗುವವರೇ ಕೂತಿದ್ದಾರೆ, ಅವರಿಗೆ ಬೇಕಾದದ್ದು ಇದೊಂದೇ ಚಿತ್ರ, ಇರಲಿ, ಮುಂದಿನ ಸಾರಿ ತೋರಿಸಿದರಾಯಿತು, ಅನಿವಾರ್ಯ ಕಾರಣಗಳಿಂದ ಎಂದು ವರದಿಯಲ್ಲಿ ಬರೆಯುತ್ತಾರಲ್ಲ ಹಾಗೆ, ಹದಿಮೂರು, ಒತ್ತಿದ, ಒತ್ತಿದ — ರಿಮೋಟು ಒಂದು ಸಾರಿ ಕೆಲಸ ಮಾಡಿತು, ಇನ್ನೊಂದು ಸಾರಿ ಮಾಡಲಿಲ್ಲ, ಪರದೆಯ ತುಂಬ ಬಾಲ, ಮತ್ತೆ ಒತ್ತಿದ, ಸೆಲ್ ಹೋತು ನೋಡ್ರಿ, ನಾ ಹೇಳಿದ್ನಲ್ರೀ ಸರ ಎಂದು ಹಿಂದಿನಿಂದ ರೇವಣಸಿದ್ದನ ನಗು, ಹಾಲಿಗೆ ಹಾಲೇ ನಗು, ಲ್ಯಾಪ್‌ಟಾಪು ನಾಲ್ಕು ಹೆಜ್ಜೆ ಆಚೆಗಿದೆ, ರಿಮೋಟನ್ನೇ ಒತ್ತುತ್ತ ನಿಂತ, ಮೂರನೆಯ ಸಾಲಿನಲ್ಲಿ ವೆಂಕಣ್ಣ ಎದ್ದ, ಫೋನನ್ನು ಪರದೆಯ ಪಕ್ಕಕ್ಕೆ ಬರುವಂತೆ ಕೈ ಚಾಚಿ ಹಿಡಿದ, ಒಂದು ಕಣ್ಣು ಮುಚ್ಚಿ ಫೋನು ನೋಡಿದ, ಪರದೆ ನೋಡಿದ, ಮತ್ತೆ ಫೋನು, ಸರ, ಬಾಲ ರೀ, ಅಂದ, ಅಷ್ಟೇ ಅಂದ, ಕರಿ ಬಾಲ, ತುದಿಯವರೆಗೂ ಬಿಳಿ ಗೆರೆ, ಒತ್ತಿದ, ತುದಿಯವರೆಗೂ ಬಿಳಿ ಗೆರೆ, ಒತ್ತಿದ, ಬಿಳಿ ಗೆರೆ. ಚಿತ್ರ ಮುಂದೆ ಹೋಗಲಿಲ್ಲ.